ಮೇಸ್ತ್ರಿಯ ದನಿಯಲ್ಲಿ ಎಸ್ಟಿಮೇಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚೌಡಪ್ಪ ಮೇಸ್ತ್ರಿಯ ದನಿಯಲ್ಲಿ ನಮ್ಮ ಅಪ್ಪನಿಗೆ ಫೋನ್ ಮಾಡಿ, ಹಿತ್ತಲಲ್ಲಿ ಕಟ್ಟಬೇಕಿದ್ದ ಒಂದೇ ಒಂದು ಕೋಣೆಯ ಪಾಯಕ್ಕೂ ಸ್ಲ್ಯಾಬಿಗೂ ಎಷ್ಟಾಗುತ್ತದೆ ಎಂದು ಹೇಳಿದವನು ನಾನೇ. ಆ ಫೋನಿನ ಗಂಧಗಾಳಿ ಮೇಸ್ತ್ರಿಗೆ ಇರಲಿಲ್ಲ. ಗಾರೆ ಕೆಲಸದ ಗಂಧಗಾಳಿ ನನಗೆ ಇರಲಿಲ್ಲ. ಸಿಮೆಂಟಿನೊಡನೆ ನನ್ನ ಒಡನಾಟವೆಂದರೆ ಎದುರುಮನೆಯವರು ಪೇರಿಸಿದ್ದ ಮೂಟೆಗಳ ಮೇಲೆ ಕೂತು ಚುರುಮುರಿ ತಿಂದದ್ದಷ್ಟೇ. ಆದರೂ ಹೇಳಿದೆ. ಅದೂ ಕೇಳುವ ಮೊದಲೇ, ತಡವರಿಸದೆ ಹೇಳಿದೆ. ನಿಜವಾದ ಮೇಸ್ತ್ರಿ ಎಂದಾದರೂ ಕೇಳಿದ ಕೂಡಲೇ ರೇಟು ಹೇಳಿದ್ದುಂಟೆ? ಅಪ್ಪನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಹಾಗಾಗಿ ತಪ್ಪಿನಲ್ಲಿ ಅರ್ಧ ಪಾಲು ಅವರದೇ ಎಂದು ನಾನು ಈಗಲೂ ವಾದಿಸುತ್ತೇನೆ, ಅವರು ಮನೆಯಲ್ಲಿ ಇಲ್ಲದಿರುವಾಗ.

ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ. ಫ್ಯಾನಿನ ಧೂಳು ಹೊಡೆಯಲು ಉದ್ದನೆಯದೇನಾದರೂ ಬೇಕೆಂದು ಹುಡುಕುತ್ತಿದ್ದಾಗ ಬೀರುವಿನ ಹಿಂದೆ ಅಪ್ಪನ ಮೀಟರ್ ಕಡ್ಡಿ ಸಿಕ್ಕಿತು. ಬಟ್ಟೆ ಅಂಗಡಿಯಲ್ಲಿ ಥಾನು ಅಳೆಯುವ ಕಬ್ಬಿಣದ ಕಡ್ಡಿ. ತುದಿಯಲ್ಲಿ ಹಿತ್ತಲಿನ ಮಣ್ಣು ಇನ್ನೂ ಮೆತ್ತಿಕೊಂಡಿತ್ತು.

ಆ ಕಡ್ಡಿ ನಮ್ಮ ಮನೆಗೆ ಬಂದ ಕತೆಯೇ ಬೇರೆ. ಅಪ್ಪ ಚಿಕ್ಕಪೇಟೆಯ ಒಂದು ಸಗಟು ಬಟ್ಟೆ ಅಂಗಡಿಗೆ ತಲೆತುಂಬ ಕೂದಲಿದ್ದಾಗ ಸೇರಿ, ತಲೆ ಮಾತ್ರ ಉಳಿದಿದ್ದಾಗ ಹೊರಬಂದವರು. ಕೊನೆಯ ದಿನ ಮಾಲೀಕರು ಹಾರ ಹಾಕಿ, "ಅಂಗಡಿಯಿಂದ ನೆನಪಿಗೆ ಏನಾದ್ರೂ ತಗೊಳ್ಳಿ ನಾಣಿಯವ್ರೇ, ನಿಮ್ಮಿಷ್ಟ" ಎಂದರಂತೆ. ಕೈಚಾಚಿದರೆ ರೇಷ್ಮೆ ಸೀರೆಗಳ ರಾಶಿ. ಅಪ್ಪ ಕೈಚಾಚಿ ಈ ಕಡ್ಡಿ ಎತ್ತಿಕೊಂಡರು. ಅಮ್ಮ ಅಂದಿನಿಂದ ಇಂದಿನವರೆಗೆ ಅದನ್ನು ಕಡ್ಡಿ ಎಂದು ಕರೆದಿಲ್ಲ. "ನಿಮ್ಮ ರೇಷ್ಮೆ ಸೀರೆ ತಗೊಂಡು ಮೂಲೇಲಿರೋ ಜೇಡರಬಲೆ ತೆಗೀರಿ" ಎನ್ನುತ್ತಾಳೆ.

ಅಪ್ಪನಿಗೆ ಈ ಲೋಕವೇ ಒಂದು ಥಾನು. ಯಾವುದನ್ನೇ ಆಗಲಿ ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡದೆ ನಂಬುವವರಲ್ಲ. ನನ್ನ ಹತ್ತನೇ ತರಗತಿಯ ಅಂಕಪಟ್ಟಿಯನ್ನೂ ಮೊದಲು ಉಜ್ಜಿ ನೋಡಿ, ಆಮೇಲೆ ಅಂಕ ನೋಡಿದರು. ಮತ್ತೊಮ್ಮೆ ಉಜ್ಜಿ, "ಕಾಗದ ಚೆನ್ನಾಗಿದೆ" ಎಂದರು.

ನನ್ನ ವಿಷಯವನ್ನೂ ಹೇಳಿಬಿಡಬೇಕು. ನಾನು ಹೊಟ್ಟೆಪಾಡಿಗೆ ದನಿ ಮಾರುತ್ತೇನೆ. ರೇಡಿಯೊದಲ್ಲಿ, ಫೋನಿನಲ್ಲಿ ಬರುವ ಜಾಹೀರಾತುಗಳಲ್ಲಿ ಹಲ್ಲುಪುಡಿ ಹೊಗಳುವ ಅಜ್ಜ ನಾನು, ಸಾಲ ಬೇಕೆ ಎಂದು ಕೇಳುವ ಮ್ಯಾನೇಜರ್ ನಾನು, ಮೂಲವ್ಯಾಧಿ ವಾಸಿಯಾಗಿ ಕುಣಿದಾಡುವ ಗೃಹಸ್ಥನೂ ನಾನೇ. ಚಾಮರಾಜಪೇಟೆಯ ನಮ್ಮ ಹಳೆಯ ಮನೆಯಲ್ಲಿ ನನಗೆಂದು ಕೋಣೆಯಿಲ್ಲ. ಹಾಗಾಗಿ ಈ ಮಹನೀಯರೆಲ್ಲ ಮಾತಾಡುವುದು ಹಾಸಿಗೆ ಇಡುವ ಬೀರುವಿನೊಳಗೆ. ಬಾಗಿಲು ಹಾಕಿಕೊಂಡು, ತಲೆಯ ಮೇಲೆ ಕಂಬಳಿ ಹೊದ್ದು, ಬೆವರುತ್ತ, "ಹಲ್ಲು ಗಟ್ಟಿಯಿದ್ದರೆ ಬದುಕು ಗಟ್ಟಿ!" ಎಂದು ಕೂಗುತ್ತಿದ್ದಾಗ ಅಮ್ಮ ಬಾಗಿಲು ತೆಗೆದು, "ಏಳೋ, ಯಾರೋ ಬಂದಿದಾರೆ, ದಿಂಬು ಬೇಕು" ಎಂದು ಅಜ್ಜನನ್ನು ಎಬ್ಬಿಸಿ ದಿಂಬು ಎಳೆದುಕೊಂಡು ಹೋಗುತ್ತಾಳೆ.

ಈ ಚಾಳಿ ಚಿಕ್ಕಂದಿನದು. ಆಗೆಲ್ಲ ನಮ್ಮ ಬೀದಿಯಲ್ಲಿ ಯಾರ ಮನೆಗಾದರೂ ಮೋಲ್ಡಿಂಗ್ ಎಂದರೆ, ಅಂದರೆ ತಾರಸಿಗೆ ಕಾಂಕ್ರೀಟು ಸುರಿಯುವ ದಿನವೆಂದರೆ, ನಮಗೆ ಶಾಲೆಯೇ ಬೇಡ. ಜಲ್ಲಿ ಕಲಸುವ ಯಂತ್ರ ಬೆಳಗ್ಗೆಯೇ ಬಂದು ರಸ್ತೆಯ ಮಧ್ಯೆ ಕೂರುತ್ತಿತ್ತು. ಹೆಂಗಸರು ಗಂಡಸರು ಸಾಲಾಗಿ ನಿಂತು ಬಾಣಲೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಮನೆಯವರು ಎಲ್ಲರಿಗೂ ಸ್ವೀಟು ಹಂಚುತ್ತಿದ್ದರು. ನಮಗೂ ಸಿಗುತ್ತಿತ್ತು, ಸುಮ್ಮನೆ ನಿಂತು ನೋಡಿದ್ದಕ್ಕೆ. ನಾನು ಸುಮ್ಮನೆ ನಿಲ್ಲುತ್ತಿರಲಿಲ್ಲ. ಆ ಯಂತ್ರದ ಗಡಗಡ ಸದ್ದನ್ನು ಅಭ್ಯಾಸ ಮಾಡುತ್ತಿದ್ದೆ. ಒಂದು ಸಲ ಯಂತ್ರ ನಿಂತ ಮೇಲೂ ನಾನು ಮುಂದುವರಿಸಿದ್ದರಿಂದ ಅದರ ಡ್ರೈವರು ಬಂದು ಇನ್ನೊಮ್ಮೆ ಆಫ್ ಮಾಡಿ, ನಿಂತಿಲ್ಲವೆಂದು ಒದ್ದು, ಕೊನೆಗೆ ನನ್ನನ್ನು ನೋಡಿದ. ಆಮೇಲೆ ಯಾರನ್ನು ಒದ್ದ ಎಂಬುದು ಇಲ್ಲಿ ಬೇಡ.

ನನ್ನ ಈ ವಿದ್ಯೆಗೆ ಮನೆಯಲ್ಲಿ ಒಬ್ಬರೇ ವಿಮರ್ಶಕರು, ಪದ್ದತ್ತೆ. ಅಪ್ಪನ ಅಕ್ಕ. ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಮದುವೆಯ ಗೋಜಿಗೆ ಹೋಗದೆ, ನೂರಾರು ಹುಡುಗಿಯರನ್ನು ಬಿಸಿಲಿನಲ್ಲಿ ಓಡಿಸಿಕೊಂಡೇ ನಿವೃತ್ತರಾದವರು. ಕೊರಳಲ್ಲಿ ಸರವಿಲ್ಲ, ಸೀಟಿ ಇದೆ. ಮಹಡಿಯ ಕೋಣೆ ಅವರದು. ಮೇಲಿನಿಂದ ಒಂದು ಸೀಟಿ ಬಂದರೆ ಕಾಫಿ, ಎರಡು ಬಂದರೆ ಪೇಪರ್, ಉದ್ದನೆಯದೊಂದು ಬಂದರೆ ಕೆಳಗೆ ಜಗಳ ನಿಲ್ಲಿಸಿ ಎಂದು ಅರ್ಥ. ನಾನು ಯಾರದಾದರೂ ಅನುಕರಣೆ ಮಾಡಿ ತೋರಿಸಿದರೆ ಬೇರೆಯವರು ನಗುತ್ತಾರೆ, ಅತ್ತೆ ತಿದ್ದುತ್ತಾರೆ. "ಪುರೋಹಿತರು ಹಾಗೆ ಕೆಮ್ಮಲ್ಲ ಕಣೋ ಪಚ್ಚು. ದಕ್ಷಿಣೆ ಕಡಿಮೆ ಆದಾಗ ಮಾತ್ರ ಹಾಗೆ ಕೆಮ್ಮೋದು."

ಕತೆ ಶುರುವಾದದ್ದು ಅತ್ತೆಯ ಮಂಡಿಯಿಂದ. ಮೆಟ್ಟಿಲಿಗೆ ಜಾಗ ದಂಡವಾಗಬಾರದೆಂದು ನಮ್ಮ ತಾತ ಏಣಿಗೇ ಸಿಮೆಂಟು ಮೆತ್ತಿಸಿದಂತೆ ಮೆಟ್ಟಿಲು ಕಟ್ಟಿಸಿದ್ದರು. ಅದರ ಮೇಲೆ ಅತ್ತೆ ಏಡಿಯ ಹಾಗೆ ಅಡ್ಡಡ್ಡ ಇಳಿಯತೊಡಗಿದರು, ಒಂದು ಕೈ ಗೋಡೆಗೆ, ಇನ್ನೊಂದು ಕೈ ಸೀಟಿಗೆ. ಬರುಬರುತ್ತ ಇಳಿಯುವುದೇ ಕಡಿಮೆಯಾಯಿತು. ಒಂದು ಬೆಳಗ್ಗೆ ಅಪ್ಪನನ್ನು ಮೇಲೆ ಕರೆಸಿಕೊಂಡು ಹೇಳಿದರು:

"ನಾಣಿ, ಹಿತ್ತಲಲ್ಲಿ ನಂಗೊಂದು ರೂಮು ಹಾಕ್ಸು. ಹತ್ತಡಿ ಹನ್ನೆರಡಡಿ ಸಾಕು, ಪಕ್ಕದಲ್ಲೊಂದು ಬಚ್ಚಲು. ದುಡ್ಡು ನಂದೇ. ಯುಗಾದಿ ಒಳಗೆ ಅಲ್ಲಿ ಗುದ್ದಲಿ ಬಿದ್ರೆ ಇಲ್ಲೇ ಇರ್ತೀನಿ. ಇಲ್ದಿದ್ರೆ ಮಲ್ಲೇಶ್ವರದಲ್ಲಿ ಕಮಲ ಟೀಚರ್ ಮನೇಲಿ ಕೆಳಗಡೆ ರೂಮು ಖಾಲಿ ಇದ್ಯಂತೆ, ಬಂದ್ಬಿಡು ಅಂತಿದಾಳೆ. ನಂಗೇನೂ ಬೇಜಾರಿಲ್ಲ. ಮಂಡಿ ಕೇಳ್ತಿಲ್ಲ, ಏನ್ ಮಾಡ್ಲಿ?"

ಓದುಗರು ಇಲ್ಲಿ ನನ್ನ ಲಾಭವನ್ನು ಗಮನಿಸಿರಬಹುದು. ಅತ್ತೆ ಹಿತ್ತಲಿಗೆ ಇಳಿದರೆ ಮಹಡಿಯ ಕೋಣೆ ನನಗೆ. ಅತ್ತೆ ಮಲ್ಲೇಶ್ವರಕ್ಕೆ ಹೋದರೂ ಮಹಡಿಯ ಕೋಣೆ ನನಗೇ. ಬೀರುವಿನಿಂದ ಬಿಡುಗಡೆ ಎರಡು ದಾರಿಯಲ್ಲೂ ಖಚಿತ. ನ್ಯಾಯವಾಗಿ ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬೇಕಿತ್ತು. ಆದರೆ ಪುರೋಹಿತರು ಹೇಗೆ ಕೆಮ್ಮುತ್ತಾರೆಂದು ಆಮೇಲೆ ಯಾರನ್ನು ಕೇಳುವುದು? ಬಸ್ಸು ಹತ್ತಿ ಮಲ್ಲೇಶ್ವರಕ್ಕೆ ಹೋಗಿ ಕೆಮ್ಮಿ ತೋರಿಸಿ ಬರುವುದೆ?

ಅಪ್ಪ ಕೂಡಲೇ ಒಪ್ಪಿದರು. ಅಂದೇ ಮೀಟರ್ ಕಡ್ಡಿ ಹಿಡಿದು ಹಿತ್ತಲಿಗಿಳಿದು, ಕರಿಬೇವಿನ ಗಿಡದಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಅಳೆದು, ಕೊನೆಗೆ ಅಭ್ಯಾಸಬಲದಿಂದ ನಾಲ್ಕು ಬೆರಳು ಜಾಸ್ತಿ ಬಿಟ್ಟರು. ಅಲ್ಲಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಕೆಟ್ಟದ್ದು ಗುಂಡು ಮಾವ ಕಾಫಿಗೆ ಬಂದ ಮೇಲೆ.

ಗುಂಡು ಮಾವ ಅಮ್ಮನ ತಮ್ಮ, ಬಸವನಗುಡಿಯವರು. ಬ್ಯಾಂಕಿನಲ್ಲಿ ಇದ್ದವರು. ಎಲ್ಲಿ ಖಾಲಿ ಜಾಗ ಕಂಡರೂ ಅವರ ಕಣ್ಣಿಗೆ ಅಲ್ಲಿ ಬಾಡಿಗೆದಾರರು ಕಾಣುತ್ತಾರೆ. ಹಿತ್ತಲು ನೋಡಿ ಬಂದು, ಲೋಟ ಕೆಳಗಿಟ್ಟು ಹೇಳಿದರು:

"ಭಾವ, ಪಾಯ ಹಾಕೋದು ಹೇಗೂ ಹಾಕ್ತೀರ. ಒಂದೇ ರೂಮಿಗೆ ಯಾಕೆ ಹಾಕ್ತೀರ? ಮೇಲೆ ಇನ್ನೊಂದು ಅಂತಸ್ತು ತಡ್ಕೊಳ್ಳೋ ಹಾಗೆ ಹಾಕ್ಬಿಡಿ. ಯಾವತ್ತಾದ್ರೂ ಏರಿಸ್ಬಹುದು."

"ಕಟ್ಟೋರ್ಯಾರು?"

"ಕಟ್ಟೋದು ಬಿಡೋದು ಆಮೇಲೆ. ಪಾಯ ಇರ್ಲಿ."

ಇದು ನಮ್ಮ ಕಡೆಯ ಒಂದು ಕಾಯಿಲೆ. ಬೆಂಗಳೂರಿನಲ್ಲಿ ಯಾರೂ ತಮಗೆ ಬೇಕಾದಷ್ಟಕ್ಕೆ ಪಾಯ ಹಾಕುವುದಿಲ್ಲ, ಯಾವತ್ತಾದರೂ ಏರಿಸಬಹುದಾದಷ್ಟಕ್ಕೆ ಹಾಕುತ್ತಾರೆ. ಮದುವೆ ವಯಸ್ಸಿನ ಮಗನಿರುವ ಮನೆಯಲ್ಲಂತೂ ಇದು ಜೋರು. ಅಪ್ಪನ ಸ್ನೇಹಿತರೊಬ್ಬರು ಬಂದು, "ಎರಡಂತಸ್ತಿಗೆ ಹಾಕೋ ಬದಲು ಮೂರಕ್ಕೇ ಹಾಕಿ, ಕಂಬಿ ಸ್ವಲ್ಪ ದಪ್ಪ ಆಗುತ್ತೆ ಅಷ್ಟೆ" ಎಂದರು. ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರು ಪ್ರಸಾದ ಕೊಡುತ್ತ ಇನ್ನೊಂದು ಅಂತಸ್ತು ಸೇರಿಸಿದರು. ಅತ್ತೆಯ ಕೋಣೆಯ ಮೇಲೆ ಹೀಗೆ ಮೂರು ಮಹಡಿ ಎದ್ದವು. ನೆಲದಲ್ಲಿ ಮಾತ್ರ ಒಂದು ಗುಂಡಿಯೂ ಬಿದ್ದಿರಲಿಲ್ಲ.

ಆಮೇಲೆ ಆ ಮಹಡಿಗಳಿಗೆ ಜನ ಬಂದರು. ಮೊದಲನೆಯದಕ್ಕೆ ಗಂಡ ಹೆಂಡತಿ ಒಂದು ಮಗು ಇರುವ ಚಿಕ್ಕ ಸಂಸಾರ ಸಾಕೆಂದು ಅಪ್ಪ ನಿರ್ಧರಿಸಿದರು. ಎರಡನೆಯದಕ್ಕೆ ನಾಯಿ ಸಾಕುವವರು ಬೇಡವೆಂದು ಅಮ್ಮ. ಮೂರನೆಯದಕ್ಕೆ ಗುಂಡು ಮಾವ ತಮ್ಮ ಬ್ಯಾಂಕಿನ ಯಾರನ್ನೋ ಮನಸ್ಸಿನಲ್ಲೇ ತಂದು ಕೂರಿಸಿದರು. ಒಂದು ದಿನ ಊಟಕ್ಕೆ ಕೂತಾಗ ಅಮ್ಮ ಸಾರು ಬಡಿಸುತ್ತ ಚಿಂತೆ ಮಾಡಿದಳು:

"ಎರಡನೇ ಮಹಡಿಯೋರು ಬಟ್ಟೆ ಒಣಗ್ಹಾಕಿದ್ರೆ ನೀರೆಲ್ಲ ನಮ್ಮ ಕರಿಬೇವಿನ ಗಿಡದ ಮೇಲೆ ಬೀಳಲ್ವೇನ್ರೀ?"

"ಅದಿರ್ಲಿ, ಮೂರನೇ ಮಹಡಿಯೋರು ನೀರು ಎಷ್ಟು ಖರ್ಚು ಮಾಡ್ತಾರೆ ಗೊತ್ತಾ? ಮೋಟರು ಹಾಕೋನು ನಾನು!" ಎಂದು ಅಪ್ಪ ರೇಗಿದರು. ಹುಟ್ಟದೇ ಇರುವ ಮನೆಯ ಬಾಡಿಗೆದಾರನ ಮೇಲೆ ಅವರಿಗೆ ಅಂದು ಬಂದ ಕೋಪಕ್ಕೆ ಮೊಸರನ್ನ ಹಾಗೇ ಬಿಟ್ಟು ಎದ್ದರು.

ಮೇಲಿನಿಂದ ಉದ್ದನೆಯ ಸೀಟಿ ಬಂತು.

ಇಂಥ ಸಂದರ್ಭದಲ್ಲಿ ಚೌಡಪ್ಪ ಮೇಸ್ತ್ರಿಯ ಪ್ರವೇಶ. ಬಿನ್ನಿಪೇಟೆಯ ಕಡೆಯವರು. ಇಸ್ತ್ರಿ ಮಾಡಿದ ಬಿಳಿ ಶರಟು, ಎರಡು ಉಂಗುರ, ಕೆನ್ನೆಯಲ್ಲಿ ಸದಾ ಎಲೆಅಡಿಕೆ. ಅದರಿಂದಾಗಿ ಮಾತೆಲ್ಲ ಒಂದು ಕಡೆಯಿಂದ ಮಾತ್ರ ಹೊರಗೆ ಬರುತ್ತಿತ್ತು. ಕೆಲಸದಲ್ಲಿ ಗಟ್ಟಿಗರೆಂದು ಹೆಸರಿತ್ತು, ತಮ್ಮ ಬಗ್ಗೆ ಅವರಿಗೇ ಇದ್ದ ಅಭಿಪ್ರಾಯ ಆ ಹೆಸರಿಗಿಂತ ಸ್ವಲ್ಪ ದೊಡ್ಡದು. ಅವರಲ್ಲಿ ಒಂದೇ ವಿಶೇಷ. ರೇಟು ಹೇಳುವುದಿಲ್ಲ.

"ಒಟ್ಟು ಎಷ್ಟಾಗುತ್ತೆ ಮೇಸ್ತ್ರಿ?" ಎಂದರು ಅಪ್ಪ.

"ಮಾಡನ ಬುಡಿ ಸಾಮಿ."

"ಮಾಡೋಣ. ಎಷ್ಟಾಗುತ್ತೆ?"

"ನಿಮ್ಮ ಮನೆ ಕೆಲ್ಸ ಬ್ಯಾರೆ ಅಲ್ಲ, ನಮ್ಮನೆ ಕೆಲ್ಸ ಬ್ಯಾರೆ ಅಲ್ಲ."

"ಸರಿ. ಮೀಟರಿಗೆ ಎಷ್ಟು?"

ಚೌಡಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಮೀಟರಾ? ನಾವು ಚದರದ ಲೆಕ್ಕ ಸಾಮಿ. ಹತ್ತಡಿಗೆ ಹತ್ತಡಿ ಒಂದ್ ಚದರ."

"ಸ್ಕ್ವೇರ್ ಫೀಟ್ ಹೇಳ್ರೀ" ಎಂದು ಗುಂಡು ಮಾವ ನಡುವೆ ಬಂದರು. ಅಪ್ಪ ಮೀಟರು ಬಿಡಲಿಲ್ಲ, ಮೇಸ್ತ್ರಿ ಚದರ ಬಿಡಲಿಲ್ಲ, ಮಾವ ಫೋನಿನಲ್ಲಿ ಗುಣಿಸುತ್ತ ಕೂತರು. ಅಷ್ಟರಲ್ಲಿ ಅಪ್ಪ ಮೇಸ್ತ್ರಿ ತಂದಿದ್ದ ಒಂದು ಹಿಡಿ ಸಿಮೆಂಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಬೆಳಕಿಗೆ ಹಿಡಿದು ಕೇಳಿದರು:

"ನೀರು ಬಿದ್ಮೇಲೆ ಕುಗ್ಗಲ್ಲ ತಾನೆ?"

"ಸ್ಲ್ಯಾಬು ಕುಗ್ಗತದಾ ಸಾಮಿ?"

"ನಿಮ್ಮಲ್ಲಿ ಎಲ್ಲರೂ ಹೀಗೇ ಹೇಳೋದು. ಸರಿ, ಪೂರ್ತಿ ತಗೊಂಡ್ರೆ ಎಷ್ಟು ಬಿಡ್ತೀರ?"

ಚೌಡಪ್ಪ ನನ್ನ ಕಡೆ ನೋಡಿದರು. ನಾನು ಕರಿಬೇವಿನ ಗಿಡದ ಕಡೆ ನೋಡಿದೆ. "ಎಷ್ಟಂತಸ್ತು ಅಂತ ಮನೇಲಿ ಕೂತು ಮಾತಾಡ್ಕಂಡು ಹೇಳಿ, ಆಮ್ಯಾಕೆ ನೋಡನ" ಎಂದು ಅವರು ಹೋದರು. ಹೀಗೆ ಅವರು ಬಂದು ಬಂದು ಹೋದರು, ಚಳಿಗಾಲವೂ ಹೋಯಿತು. ರೇಟು ಬರಲಿಲ್ಲ. ಮೇಲೆ ಅತ್ತೆ ಒಂದು ಟ್ರಂಕು ಖಾಲಿ ಮಾಡಿ ಒರೆಸಿಟ್ಟುಕೊಂಡದ್ದನ್ನು ನಾನು ನೋಡಿದೆ. ಯಾಕೆ ಎಂದು ಕೇಳಲಿಲ್ಲ.

ಆಗಲೇ ನನ್ನ ತಲೆಗೆ ಹೊಳೆದದ್ದು. ಒಂದು ರೇಟು ಕಿವಿಗೆ ಬಿದ್ದರೆ ಅಪ್ಪನ ಕೈಕಾಲು ಆಡುತ್ತದೆ, ಅದೂ ಒಂದೇ ಅಂತಸ್ತಿನ ರೇಟಾದರೆ ಮೇಲಿನವರೆಲ್ಲ ತಾವಾಗಿ ಖಾಲಿ ಮಾಡುತ್ತಾರೆ. ದನಿ ನನ್ನ ಹತ್ತಿರ ಇದೆ. ಚೌಡಪ್ಪ ಸದಾ ಯಾರದೋ ಫೋನಿನಿಂದ ಫೋನ್ ಮಾಡುವವರು. ಅಪ್ಪನ ಮೊಬೈಲಿನಲ್ಲಿ ಆಗಲೇ 'ಚೌಡಪ್ಪ', 'ಚೌಡಪ್ಪ ಹೊಸದು', 'ಚೌಡಪ್ಪ ಹೊಸದು ಎರಡು' ಎಂದು ಮೂವರಿದ್ದರು. ಕೆಲಸಕ್ಕೆಂದು ತೆಗೆದುಕೊಂಡಿದ್ದ ನನ್ನ ಹೊಸ ನಂಬರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆನ್ನೆಗೆ ಒಂದು ಚೂರು ಕೊಬ್ಬರಿ ತುರುಕಿಕೊಂಡು ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಕೂತೆ.

"ಹಲೋ, ನಾಣಿ ಸಾಮೇರಾ? ನಾನ್ ಕಣ್ ಸಾಮಿ, ಚೌಡಪ್ಪ."

"ಹೇಳಿ ಮೇಸ್ತ್ರಿ. ಇದ್ಯಾವುದು ಮತ್ತೆ ಹೊಸ ನಂಬರು?"

"ಹುಡುಗ್ರುದು ಸಾಮಿ. ನಿಮ್ ಹಿತ್ಲು ಕೆಲ್ಸ ಲೆಕ್ಕ ಹಾಕ್ದೆ. ಒಂದಂತಸ್ತಿಗೆ ಪಾಯ, ಪಿಲ್ಲರು, ಸ್ಲ್ಯಾಬು ಎಲ್ಲಾ ಸೇರಿ ನಾಕು ಲಕ್ಷ ಆಯ್ತದೆ."

ಎಷ್ಟೋ ತಿಂಗಳಿಂದ ಕಾಯುತ್ತಿದ್ದ ರೇಟು ಕೊನೆಗೂ ಬಂದ ಸಂತೋಷಕ್ಕೆ ಅಪ್ಪ ಅಲ್ಲೇ ಒಪ್ಪಿಬಿಡುತ್ತಾರೆ ಎಂದುಕೊಂಡೆ. ಒಪ್ಪಲಿಲ್ಲ. ಚಿಕ್ಕಪೇಟೆ ಎಚ್ಚರವಾಗಿತ್ತು.

"ಮೂರು ಮಾಡಿ" ಎಂದರು.

ನಾನು ರೇಟು ಹೇಳಿ ಫೋನ್ ಇಡುವಷ್ಟಕ್ಕೆ ಮಾತ್ರ ತಯಾರಾಗಿ ಬಂದಿದ್ದೆ.

"ಆಗಕಿಲ್ಲ ಸಾಮಿ. ಕಂಬಿ ರೇಟು ಏನಾಗದೆ ಗೊತ್ತಾ?"

"ಏನಾಗಿದೆ?"

ನನಗೆ ಗೊತ್ತಿರಲಿಲ್ಲ. "ಜಾಸ್ತಿ ಆಗದೆ."

"ಜಾಸ್ತಿ ಅಂದ್ರೆ?"

"ಬಾಳ ಜಾಸ್ತಿ."

"ಎಷ್ಟು ಅಂತ ನಿಮಗೇ ಗೊತ್ತಿಲ್ಲ. ಎರಡೂಮುಕ್ಕಾಲು."

ಮೂರರಿಂದ ಮೇಲೆ ಬರುವುದನ್ನು ಬಿಟ್ಟು ಇವರು ಕೆಳಗೆ ಹೋಗುತ್ತಿದ್ದಾರಲ್ಲ! ನಿಜವಾದ ಚೌಡಪ್ಪ ಇಲ್ಲಿ ಗುಡುಗುತ್ತಿದ್ದರು. ನಾನೂ ಗುಡುಗಲು ಬಾಯಿ ತೆರೆದೆ. ಆದರೆ ಆ ಕಡೆಯಿಂದ ಬರುತ್ತಿದ್ದದ್ದು ಅಂಕಪಟ್ಟಿ ಉಜ್ಜಿ ನೋಡಿದ ದನಿ. ಬಾಯಿ ಮೇಸ್ತ್ರಿಯದಾದರೂ ಬೆನ್ನುಮೂಳೆ ಮಗನದೇ. "ಎರಡೂವರೆ, ಇವತ್ತೇ ಮಾತು ಮುಗೀಲಿ" ಎಂದು ಅವರು ಗದರಿದ ಕೂಡಲೇ, "ಆಯ್ತು ಬುಡಿ" ಎಂದು ಕೊಬ್ಬರಿ ನುಂಗಿಬಿಟ್ಟೆ.

ಪಕ್ಕದಲ್ಲೇ ಇದ್ದ ಅತ್ತೆಯ ಕೋಣೆಯ ಕಿಟಕಿಯಿಂದ ಸಣ್ಣದೊಂದು ಸೀಟಿ. ಕಾಫಿಗಲ್ಲ. ಒಳಗೆ ಹೋದರೆ ಅತ್ತೆ ಮಂಚದ ಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬೈಗುಳಕ್ಕೆ ತಯಾರಾಗಿ ನಿಂತೆ.

"ಶುರು ಚೆನ್ನಾಗಿತ್ತು" ಎಂದರು. "ಕೊನೇಲಿ ಕೆಟ್ಟೆ. ಚೌಡಪ್ಪ ಅಷ್ಟು ಬೇಗ ಇಳಿಯಲ್ಲ ಕಣೋ."

ಕೆಳಗೆ ಅಪ್ಪನಿಗೆ ನೆಲ ಕಾಣುತ್ತಿರಲಿಲ್ಲ. "ಚೌಡಪ್ಪನ್ನ ಮಟ್ಟ ಹಾಕ್ದೆ! ನಾಲ್ಕು ಅಂದ, ಎರಡೂವರೆಗೆ ತಂದೆ! ಒಂದಂತಸ್ತಿಗೇ ಇಷ್ಟಾದ್ರೂ ಪರವಾಗಿಲ್ಲ, ಅಕ್ಕಂಗೆ ಆಗ್ಲಿ" ಎಂದು ಅಡುಗೆಮನೆಯಲ್ಲಿ ಹೇಳಿದರು, ಬಾಗಿಲಲ್ಲಿ ಹೇಳಿದರು, ಹಾಲು ತರಲು ಹೋಗಿ ಅಲ್ಲಿ ಹೇಳಿದರು. ಪಂಚಾಂಗ ನೋಡಿ ಗುದ್ದಲಿ ಪೂಜೆಗೆ ದಿನ ಇಟ್ಟರು. ಯುಗಾದಿಗಿಂತ ಮುಂಚೆಯೇ. ನನ್ನ ಯೋಜನೆ ನನ್ನ ಯೋಗ್ಯತೆಗಿಂತ ಚೆನ್ನಾಗಿ ನಡೆಯುತ್ತಿತ್ತು. ಪೂಜೆಯ ಹೊತ್ತಿಗೆ ನಿಜವಾದ ಚೌಡಪ್ಪ ಏನೆನ್ನುತ್ತಾರೆ ಎಂದು ಯೋಚಿಸಿದ್ದೆಯಾ ಎಂದು ನೀವು ಕೇಳಬಹುದು. ಯೋಚಿಸುವವನಾಗಿದ್ದರೆ ಮೂಲವ್ಯಾಧಿಯ ದನಿಯಾಗಿ ಯಾಕೆ ಇರುತ್ತಿದ್ದೆ?

ಪೂಜೆಯವರೆಗೂ ಕಾಯಬೇಕಾಗಲಿಲ್ಲ. ಮಾರನೆಯ ಬೆಳಗ್ಗೆಯೇ ಗೇಟಿನಲ್ಲಿ ಸ್ಕೂಟರು ನಿಂತಿತು. ಚೌಡಪ್ಪ ಎಲೆಅಡಿಕೆ ಉಗಿದೇ ಒಳಗೆ ಬಂದರು. ಅವರು ಉಗಿದು ಮಾತಾಡುವುದು ಸಿಟ್ಟು ಬಂದಾಗ ಮಾತ್ರ. ಪಕ್ಕದ ಓಣಿಯಿಂದ ಸೀದಾ ಹಿತ್ತಲಿಗೆ ಹೋಗಿ ನಿಂತರು. ಅಪ್ಪ ಕಡ್ಡಿ ಹಿಡಿದು, ಅಷ್ಟು ಹೊತ್ತಿಗೇ ಕಾಫಿಗೆ ಬಂದಿದ್ದ ಗುಂಡು ಮಾವ ಲೋಟ ಹಿಡಿದು, ನಾನು ಗೋಡೆ ಹಿಡಿದು ಹಿಂದೆ ಹೋದೆವು.

"ಏನ್ ಸಾಮಿ, ನಾನು ಎರಡೂವರೆಗೆ ಒಪ್ಕಂಡೆ ಅಂತ ಬೀದಿಗೆಲ್ಲ ಹೇಳಿದೀರಂತೆ? ನಿಮ್ಮ ಬೀದಿಯೋರು ಇಬ್ರು ಫೋನ್ ಮಾಡವ್ರೆ, ನಾಣಿಯವ್ರ ರೇಟೇ ನಮಗೂ ಕೊಡಿ ಅಂತ. ಎರಡೂವರೆಗೆ ನಾನು ಕೋಳಿಗೂಡೂ ಕಟ್ಟಕಿಲ್ಲ!"

"ನೀವೇ ಅಲ್ವೇನ್ರೀ ಫೋನ್ ಮಾಡಿದ್ದು?"

"ನಾನಾ?"

"ಮತ್ತೆ ನಾನಾ? 'ಹುಡುಗ್ರುದು ಸಾಮಿ. ಕಂಬಿ ರೇಟು ಏನಾಗದೆ ಗೊತ್ತಾ' ಅಂತ ಹೇಳಿದ್ಯಾರು?"

ಅಪ್ಪ ಅದನ್ನು ಕೆನ್ನೆ ಉಬ್ಬಿಸಿ, ಬಾಯಿ ಒಂದು ಕಡೆಗೆ ಎಳೆದು ಹೇಳಿದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ, ಆ ಗಾಬರಿಯಲ್ಲೂ ನನಗೆ ಹೊಟ್ಟೆಕಿಚ್ಚಾಯಿತು. ಈ ವಿದ್ಯೆ ನನಗೆ ಅಮ್ಮನ ಕಡೆಯಿಂದ ಬಂತೆಂದು ಅಲ್ಲಿಯವರೆಗೆ ತಿಳಿದಿದ್ದೆ.

"ಯಾವ ನಂಬರು ಅದು? ಹಚ್ಚಿ ನೋಡನ" ಎಂದರು ಮೇಸ್ತ್ರಿ.

ಅಪ್ಪ 'ಚೌಡಪ್ಪ ಹೊಸದು ಮೂರು' ಹುಡುಕಿ ಒತ್ತಿದರು. ನನ್ನ ಜೇಬು ಕೂಗಿಕೊಂಡಿತು.

ಎಲ್ಲರೂ ತಿರುಗಿದರು. ಆ ಕ್ಷಣದಲ್ಲಿ ಬುದ್ಧಿ ಇರುವವನು ಫೋನ್ ಆಫ್ ಮಾಡುತ್ತಾನೆ, ಇಲ್ಲವೇ ಓಡುತ್ತಾನೆ. ನಾನು ತೆಗೆದು ಕಿವಿಗಿಟ್ಟು, ಬಾಯಿ ಅಭ್ಯಾಸ ಬಿಡದೆ, "ಹಲೋ, ಯಾರ್ ಸಾಮಿ?" ಎಂದೆ.

ಚೌಡಪ್ಪ ಚೌಡಪ್ಪನನ್ನು ಕೇಳಿಸಿಕೊಂಡರು. ಅಪ್ಪನ ಕೈಯಲ್ಲಿದ್ದ ಕಡ್ಡಿ ಮೆಲ್ಲಗೆ ಮೇಲೇಳುತ್ತಿತ್ತು. ಗುಂಡು ಮಾವ ಲೋಟದೊಳಗೆ ಮುಖ ಹುದುಗಿಸಿದರು. ಮೇಸ್ತ್ರಿ ಸ್ಕೂಟರಿನ ಬೀಗದ ಕೈ ತೆಗೆದುಕೊಂಡು ಓಣಿಯ ಕಡೆ ನಡೆದರು.

"ಬ್ಯಾರೆಯವ್ರನ್ನ ನೋಡ್ಕಳಿ" ಎಂದದ್ದು ಓಣಿಯೊಳಗಿನಿಂದ ಕೇಳಿಸಿತು.

ತಲೆಯೆತ್ತಿ ನೋಡಿದೆ. ಮಹಡಿಯ ಕಿಟಕಿಯಲ್ಲಿ ನಿಂತಿದ್ದ ಅತ್ತೆ ಒಳಗೆ ಸರಿದರು. ಅಲ್ಲಿ ಒರೆಸಿಟ್ಟ ಟ್ರಂಕು ಇತ್ತು. ನನ್ನ ಕಾಲು ತಾನಾಗಿ ಓಡಿತು. ಸ್ಕೂಟರಿಗೆ ಅಡ್ಡ ನಿಂತು, ಮೇಸ್ತ್ರಿಯವರೇ ನನ್ನದು ತಪ್ಪಾಯಿತು, ದಯವಿಟ್ಟು ಹೋಗಬೇಡಿ, ನಮ್ಮ ಅತ್ತೆಗೆ ಕೋಣೆ ಬೇಕು ಎಂದು ಮರ್ಯಾದೆಯಾಗಿ ಕೇಳಿಕೊಳ್ಳಬೇಕೆಂದಿದ್ದೆ. ಬಾಯಿಂದ ಬಂದದ್ದು:

"ತಪ್ಪಾಯ್ತು ಸಾಮಿ. ಹಂಗ್ ಹೋಗ್ಬ್ಯಾಡಿ."

ಅವರದೇ ದನಿ. ಎಷ್ಟೋ ದಿನದಿಂದ ಅಭ್ಯಾಸ ಮಾಡಿದ ಗಂಟಲು ಗಾಬರಿಯಲ್ಲಿ ಹೊಸ ದನಿ ಹುಡುಕಲಿಲ್ಲ. ಹೊಡೆತ ಬೀಳುತ್ತದೆಂದು ಕಣ್ಣು ಮುಚ್ಚಿದೆ. ಚೌಡಪ್ಪ ಸ್ಟ್ಯಾಂಡು ಹಾಕಿದ ಸದ್ದು ಕೇಳಿಸಿತು.

"ಇನ್ನೊಂದ್ಸಲ ಅನ್ನು."

"ತಪ್ಪಾಯ್ತು ಸಾಮಿ."

"ಎಲೆಅಡಿಕೆ ಯಾವ ಕಡೆ ಇದ್ದಂಗೆ ಮಾಡ್ತೀಯ?"

"ಎಡಗಡೆ."

"ನಾನು ಮಡಿಕಳದು ಬಲಗಡೆ. ಅದ್ಕೇ ನಿಂದು ಒಸಿ ಗೊರಗೊರ ಅಂತದೆ." ಮುಖದಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದರ ಅಂಚಿನಲ್ಲಿ ಬೇರೆಯೇ ಏನೋ ಇತ್ತು. ತಮ್ಮ ಫೋಟೋವನ್ನು ಅಂಗಡಿಯ ಗಾಜಿನಲ್ಲಿ ಕಂಡವರ ಮುಖದಲ್ಲಿ ಇರುತ್ತದಲ್ಲ, ಅದು. "ನನ್ ಹೆಂಡ್ರು ಮುಂದೆ ಬಂದು ಒಂದ್ಸಲ ಮಾಡ್ಬೇಕು ನೀನು. ನಾನು ಮನೇಲಿ ಮಾತೇ ಆಡಕಿಲ್ಲ ಅಂತಾಳೆ. ನನ್ ಬದ್ಲು ನೀನೇ ಆಡು."

"ಮಾಡ್ತೀನಿ ಮೇಸ್ತ್ರಿ. ಯಾವಾಗ ಬೇಕಾದ್ರೂ."

ಹಿತ್ತಲಿಗೆ ವಾಪಸು ಬಂದರು. ಅಪ್ಪ ಕಡ್ಡಿ ಇಳಿಸಿದರು. ಚೌಡಪ್ಪ ಹೊಸದಾಗಿ ಎಲೆ ಮಡಿಸಿ, ಸುಣ್ಣ ಸವರಿ, ನನ್ನನ್ನೇ ನೋಡುತ್ತ ಬಲಗೆನ್ನೆಗೆ ಇಟ್ಟುಕೊಂಡು ಹೇಳಿದರು:

"ಆಗಿದ್ದಾಯ್ತು. ಈಗ ಒಂದೇ ಮಾತು. ಎಷ್ಟಂತಸ್ತಿಗೆ ಪಾಯ ಅಂತ ಹೇಳ್ಬುಡಿ. ನಿಂತ ಕಾಲ್ಮೇಲೆ ರೇಟು ಹೇಳ್ತೀನಿ."

ಇಂಥ ಅವಕಾಶ ಇನ್ನೊಮ್ಮೆ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಒಂದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಗುಂಡು ಮಾವ ಲೋಟದಿಂದ ಮುಖ ತೆಗೆದರು.

"ಭಾವ, ಆ ಎರಡೂವರೆ ಹೇಗೂ ಸುಳ್ಳಾಯ್ತು. ಜಾಸ್ತಿ ಕೊಡೋದೇ ಆದ್ರೆ ಮೇಲಿನ ಮೂರು ಮಹಡಿಗೂ ಸೇರಿಸೇ ಹಾಕ್ಸಿ."

"ಮೂರಾದ್ರೆ ಮೋಟರ್ ಗತಿ ಏನೋ?"

"ಮೂರನೆಯವ್ರಿಗೆ ಬೇರೆ ಮೋಟರು."

"ಕರೆಂಟ್ ಬಿಲ್ಲು ಯಾರು ಕಟ್ತಾರೆ?"

"ಅಗ್ರಿಮೆಂಟಲ್ಲೇ ಬರೆಸ್ಬೇಕು ಭಾವ."

ಅಮ್ಮ ಅಡುಗೆಮನೆಯ ಕಿಟಕಿಯಿಂದ ಕರಿಬೇವಿನ ಗಿಡದ ಪರವಾಗಿ ಮಾತಾಡಿದಳು. ಚೌಡಪ್ಪ ಮತ್ತೆ ಬೀಗದ ಕೈಗೆ ಕೈ ಹಾಕಿದರು. ಇವರೆಲ್ಲ ಜಗಳವಾಡುತ್ತಿರುವ ಹೊತ್ತಿನಲ್ಲಿ, ಗೋಡೆಗೆ ಒಂದು ಕೈ ಕೊಟ್ಟುಕೊಂಡು, ಅಡ್ಡಡ್ಡವಾಗಿ, ಒಂದೊಂದೇ ಮೆಟ್ಟಿಲು ಇಳಿದು ಬಂದವರನ್ನು ಯಾರೂ ನೋಡಿರಲಿಲ್ಲ. ಉದ್ದನೆಯ ಸೀಟಿ ಕೇಳಿದಾಗ ಅದು ಮೇಲಿನಿಂದ ಬರದೆ ನಮ್ಮ ಬೆನ್ನ ಹಿಂದಿನಿಂದಲೇ ಬಂತು. ಚೌಡಪ್ಪನೂ ಕಾಲು ಜೋಡಿಸಿ ನೆಟ್ಟಗೆ ನಿಂತರು.

ಪದ್ದತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು, ಸೀಟಿಯನ್ನು ಸೆರಗಿನಿಂದ ಒರೆಸಿದರು. ಆಮೇಲೆ ಅವರು ಆಡಿದ ಮಾತಿಗೆ ಅಪ್ಪ ಮೋಟರು ಮರೆತರು, ಗುಂಡು ಮಾವ ಕಾಫಿ ಮುಗಿಸಿ ಬಸವನಗುಡಿಗೆ ಹೋದರು, ಚೌಡಪ್ಪ ಅಲ್ಲೇ ನಿಂತು ನಾಲ್ಕೂವರೆ ಎಂದರು, ಜೀವನದಲ್ಲಿ ಮೊದಲ ಸಲ ಅಪ್ಪ ಚೌಕಾಸಿ ಮಾಡಲಿಲ್ಲ. ಇಟ್ಟ ದಿನಕ್ಕೇ ಗುದ್ದಲಿ ಬಿತ್ತು. ಆ ಮಾತನ್ನು ನಾನು ಆಮೇಲೆ ಎಷ್ಟೋ ಸಲ ಅವರ ದನಿಯಲ್ಲೇ ಆಡಿ ತೋರಿಸಿದ್ದೇನೆ, ಅತ್ತೆ ಪ್ರತಿ ಸಲವೂ ತಿದ್ದಿದ್ದಾರೆ. ಅವರು ಒಪ್ಪಿಕೊಂಡ ಪಾಠ ಇದು:

"ಮೇಸ್ತ್ರಿ, ನನ್ನ ತೂಕ ಅರವತ್ತೆಂಟು ಕೆಜಿ, ಅಷ್ಟಕ್ಕೆ ಪಾಯ ಹಾಕಿ. ಮೇಲಿನ ಮೂರು ಮಹಡಿಯೋರು ಇಷ್ಟು ದಿನ ಗಾಳೀಲೇ ಸುಖವಾಗಿದಾರೆ, ಅವ್ರನ್ಯಾಕೆ ಕೆಳಗಿಳಿಸ್ತೀರ?"